ಎರಡನೆಯ ಸಲ ಎರೆದ ಹಾಲು

ಹೊಳೆನರಸೀಪುರದ ಯಶಸ್ ಸಾಮಾಜಿಕ ಜಾಲತಾಣಗಳ ಪ್ರಚಾರಕ್ಕೆ ಇಳಿದದ್ದು ಅತ್ತೆ ಹಂಸಳ ಉಪ್ಪಿನಕಾಯಿಯಿಂದ. ಆಮೇಲೆ ಚನ್ನರಾಯಪಟ್ಟಣದ ಸೀರೆ ಅಂಗಡಿ, ಅರಕಲಗೂಡಿನ ಟ್ಯೂಷನ್ ಕೇಂದ್ರ. ಈಗ ಚುನಾವಣೆಯ ಟಿಕೆಟ್ಟಿಗೆ ಆಸೆಪಟ್ಟಿದ್ದ ರಂಗಸ್ವಾಮಿಯ ರೀಲುಗಳು. ಇಂದಿನ ರೀಲು ಪಕ್ಷದವರಿಗೆ ಮೆಚ್ಚುಗೆಯಾದರೆ ಇಡೀ ಹಾಸನ ಜಿಲ್ಲೆಯ ಪ್ರಚಾರದ ಕೆಲಸ ಯಶಸ್‌ನದೇ.

ಆ ಬೆಳಿಗ್ಗೆ ಬಾಗೂರಿನಲ್ಲಿ ಬೆಟ್ಟಮ್ಮನೆಂಬ ಮುದುಕಿಯ ತೀರಿಹೋದ ಗಂಡನಿಗೆ ಹಾಲುತುಪ್ಪ. ರಂಗಸ್ವಾಮಿಯ ಕಾರು ಬರುವಷ್ಟರಲ್ಲಿ ಮನೆಯವರು ಸಮಾಧಿಗೆ ಹಾಲೆರೆದು, ರಾಗಿಹೊಲದ ಬದುವಿನ ಮೇಲೆ ಹಿಂದಿರುಗುತ್ತಿದ್ದರು.

"ವಾಪಸ್ ಕರೀರಿ ಯಶಸ್. ನಾನು ಪಕ್ಕದಲ್ಲಿ ನಿಂತ್ಕತೀನಿ, ಅವ್ವ ಇನ್ನೊಂದ್ಸಲ ಹಾಲು ಬುಡ್ಲಿ," ಎಂದ ರಂಗಸ್ವಾಮಿ.

"ಹಾಲು ಬುಟ್ಟು ಬಂದ್ಮ್ಯಾಕೆ ತಿರುಗಿ ನೋಡಂಗಿಲ್ಲ ಕಣ್ ಸಾ. ನಿಮ್ಗೇನ್ ತಲೆಗಿಲೆ ಕೆಟ್ಟದಾ?" ಎಂದು ಬೆಟ್ಟಮ್ಮನ ಮಗ ಮನು ಸಿಡುಕಿದ.

ಅದು ಯಶಸ್‌ಗೂ ಗೊತ್ತಿತ್ತು. ಆದರೂ ಮುದುಕಿಯ ಕೈ ಹಿಡಿದು, ಸೀರೆ ಮಾರಿದ ಅದೇ ಮೆತ್ತನೆಯ ದನಿಯಲ್ಲಿ, "ನಿಮ್ಮ ಯಜಮಾನರ ಹೆಸರು ನಾಲ್ಕೂರಿಗೆ ಗೊತ್ತಾಗುತ್ತೆ ಅಜ್ಜಿ," ಎಂದ. ಬೆಟ್ಟಮ್ಮ ಸಮಾಧಿಯತ್ತ ತಿರುಗಿ ನಡೆದಳು. ಚೊಂಬಿನ ತಳದಲ್ಲುಳಿದ ಹಾಲಿಗೆ ಬಾಟಲಿಯ ನೀರು ಬೆರೆಸಿ ಅವಳ ಕೈಗಿತ್ತವನೂ ಯಶಸ್‌ನೇ.

ಎರೆಯುತ್ತ ಆಕೆ ಮೊಬೈಲಿನತ್ತ ಮುಖವೆತ್ತಿ, "ಈಗ ಅಳ್ಬೇಕಾ ಮಗಾ, ಇಲ್ಲ ಆಮ್ಯಾಕಾ?" ಎಂದು ಕೇಳಿದಳು.

ಯಶಸ್‌ಗೆ ಮೊಬೈಲು ಹಿಡಿದ ತನ್ನ ಕೈಯೇ ಹೇಸಿಗೆಯೆನಿಸಿತು. ಆದರೆ ಆ ಕೈ ಒಂದಿಷ್ಟೂ ಅಲುಗಲಿಲ್ಲ. ಪರದೆಯ ಮೇಲೆ ಚಿತ್ರ ನಿಚ್ಚಳವಾಗಿ ಮೂಡುತ್ತಿತ್ತು.

"ಈಗ್ಲೇ ಅಜ್ಜಿ," ಎಂದ.