ಒಗೆಯದ ಜೀನ್ಸ್

“ವರ್ಷವಿಡೀ ಒಗೀ, ಒಗೀ ಅಂತ ಬಾಯಿ ಬಡ್ಕೊಂಡೆ. ವ್ಯಾಪಾರಿ ಬರ್ತಾನೆ ಅಂತ ನಿನ್ನೆ ನಾನೇ ನೀರಿಗೆ ಹಾಕ್ದೆ. ಈಗ ನೋಡು, ತೊಡೆಸಂದೀಲಿ ಕೈ ತೂರುತ್ತೆ,” ಎಂದು ಯಾಸುಯೊ ಜೀನ್ಸನ್ನು ಗಂಡನ ಮುಖಕ್ಕೆ ಎಸೆದಳು.

“ಒಗೆದಿದ್ರೆ ಬಣ್ಣ ಹೋಗ್ತಿತ್ತು ಕಣೇ.”

“ಬಣ್ಣ ಉಳಿಸ್ಕೊಂಡು ಬಟ್ಟೇನ ಕೊಂದ್ಯಲ್ಲ ಮಾರಾಯ.”

ಗೆಂಜಿರೊ ತೂತಿಗೆ ಬೆರಳು ತೂರಿಸಿ ನೋಡಿದ. ಜಪಾನಿನ ಈ ಕೊಜಿಮಾ ಊರಿನ ಜೀನ್ಸ್ ನೇಕಾರರಿಗೆಲ್ಲ ಇದೊಂದು ಹುಚ್ಚು. ಹೊಸ ಜೀನ್ಸಿಗೆ ನೀರು ತೋರಿಸದೆ ತೊಟ್ಟಷ್ಟೂ ಮೊಣಕಾಲಿನ ಮಡಿಕೆಗಳು ಚೆಂದವಾಗಿ ಬಿಳುಪೇರುತ್ತವೆ ಎಂಬ ಜಂಬ. ಆದರೆ ಒಳಗೆ ಕೂತ ಬೆವರು, ಜಿಡ್ಡು ನೂಲನ್ನು ತಿನ್ನುತ್ತಾ ಹೋಗುತ್ತದೆ. ಆಗಾಗ ಒಳಮೈ ಹೊರಗೆ ಮಾಡಿ, ತಣ್ಣೀರಲ್ಲಿ ಒಗೆದು, ನೆರಳಲ್ಲಿ ಒಣಗಿಸಿದ್ದರೆ ಸಾಕಿತ್ತು.

ಅವನ ಅಪ್ಪನ ಕಾಲದ ಲಾಳಿ ಮಗ್ಗದಲ್ಲಿ ನಿಧಾನವಾಗಿ ನೇಯ್ದ ಬಟ್ಟೆ ಅದು. ಹೊಲಿದವಳು ಯಾಸುಯೊ. ತೊಟ್ಟು ಸವೆದ ಮೇಲೆ ಹೇಗಿದೆಯೆಂದು ನೋಡಲು ಒಸಾಕಾದ ವ್ಯಾಪಾರಿ ಕುವಾತಾ ಬರುವವನಿದ್ದ. ಅವನು ಬೇಡವೆಂದರೆ ಮಗ್ಗ ಗುಜರಿಗೆ.

ಗೆಂಜಿರೊ ಹೆಂಡತಿಯನ್ನು ಗೋಗರೆದ. ದಪ್ಪ ಸೂಜಿ ಹಾಕಿದ್ದರಿಂದ ನೂಲು ಕಡಿಯಿತು ಎಂದು ನೀನೇ ಹೇಳಿಬಿಡು, ಬಟ್ಟೆಯ ಮಾನ ಉಳಿಯುತ್ತದೆ ಎಂದ. ಒಗೆಯಲಿಲ್ಲ ಎಂದು ನೀನೇ ನಿಜ ಹೇಳು, ಆಗಲೂ ಉಳಿಯುತ್ತದೆ ಎಂದಳು.

“ಬಟ್ಟೆ ನೋಡ್ಕೊಳ್ಳೋಕೇ ಬರದ ನೇಕಾರನ ಹತ್ರ ಬಟ್ಟೆ ಯಾರು ಕೊಳ್ತಾರೆ?”

“ಸೂಜಿ ಹಿಡಿಯೋಕೆ ಬರದವಳ ಹತ್ರ ಹೊಲಿಸ್ತಾರಾ?”

ಅಷ್ಟರಲ್ಲಿ ಕುವಾತಾ ಬಂದೇಬಿಟ್ಟ. ಜೀನ್ಸನ್ನು ಬೆಳಕಿಗೆ ಹಿಡಿದು, ಮಡಿಕೆ ಸವರಿ, ಬಟ್ಟೆಯ ಅಂಚನ್ನು ತಿರುವಿ ನೋಡಿ ಮೆಚ್ಚಿಕೊಂಡ. ಆಮೇಲೆ ಅವನ ಬೆರಳು ತೂತಿನಲ್ಲಿ ಸಿಕ್ಕಿತು.

“ಇದೇನಾಯ್ತು, ಗೆಂಜಿರೊ-ಸಾನ್?”

ಗೆಂಜಿರೊ ಮಗ್ಗದ ಕಡೆ ನೋಡಿದ.

“ಇವಳು ದಪ್ಪ ಸೂಜಿ ಹಾಕಿಬಿಟ್ಳು. ನೂಲು ಕಡೀತು.”

ಹೌದೇ ಎಂಬಂತೆ ಕುವಾತಾ ಅವಳತ್ತ ತಿರುಗಿದ. ಯಾಸುಯೊ ಗಂಡನನ್ನೇ ನೋಡುತ್ತಾ ನಿಂತಳು. ಅವನು ಕಣ್ಣೆತ್ತಲಿಲ್ಲ.

“ಅವ್ರು ಹೇಳಿದ್ಮೇಲೆ ಮುಗೀತಲ್ಲ,” ಎಂದಳು.

ಬಟ್ಟೆ ತನಗೆ ಒಪ್ಪಿಗೆ, ಆದರೆ ಹೊಲಿಗೆ ಮಾತ್ರ ಬೇರೆ ಕಡೆ ಮಾಡಿಸುತ್ತೇನೆ ಎಂದ ಕುವಾತಾ. ಗೆಂಜಿರೊ ನಡು ಬಗ್ಗಿಸಿ ನಮಿಸಿದ. ತಲೆಯೆತ್ತುವಷ್ಟರಲ್ಲಿ ಯಾಸುಯೊ ತನ್ನ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಾಗಿಲು ದಾಟಿದ್ದಳು. ಕೂಗಬೇಕೆನ್ನಿಸಿತು. ಆದರೆ ವ್ಯಾಪಾರಿ ಎದುರಿಗಿದ್ದ; ಅವನಿಗೆ ಚಹಾ ಬಗ್ಗಿಸಿದ.

ಸಂಜೆ ಇಬ್ಬರಿಗೂ ಅನ್ನ ಮಾಡಿ ಕಾದ. ಬೆಳಿಗ್ಗೆ ಮಗ್ಗ ಹೂಡದೆ ರೈಲು ನಿಲ್ದಾಣದವರೆಗೂ ಹೋಗಿ ಬಂದ. ಅವಳು ಬರಲಿಲ್ಲ.