ಬಾಗಿಲ ಪಕ್ಕದ ಮೇಜು

ಊರು ಹುಟ್ಟಿ ಮುನ್ನೂರು ವರ್ಷವಾದ ಲೆಕ್ಕದಲ್ಲಿ ಇಗರ್ಜಿಯ ಸಭಾಂಗಣದಲ್ಲಿ ಊಟವೆಂದು ಗೊತ್ತಾದಾಗ, ಯಾರು ಎಲ್ಲಿ ಕೂರಬೇಕೆಂಬ ಕಟ್ಟಳೆ ಮಾಡಿದವಳು ಫೆರ್ನಾಂದ್ ವಾಲಿಕೆತ್. ಫ್ರಾನ್ಸಿನಿಂದ ಹಡಗು ಹತ್ತಿ ಬಂದ ಒಬ್ಬೊಬ್ಬ ಮೂಲಪುರುಷನಿಗೂ ಒಂದೊಂದು ಮೇಜು. ಅವನ ರಕ್ತದವರು ಅಲ್ಲೇ ಕೂರಬೇಕು. ವಾಲಿಕೆತ್ ಮೇಜನ್ನು ಒಲೆಯ ಹತ್ತಿರ, ಪಾದ್ರಿಗಳ ಪಕ್ಕಕ್ಕೆ ಹಾಕಿಸಿದಳು. ಸಾನ್ಸೂಸಿ ಮೇಜಿಗೆ ಸಿಕ್ಕಿದ್ದು ಅಡುಗೆಮನೆಯ ಹಿಂಬಾಗಿಲ ಮಗ್ಗುಲು, ಫೆಬ್ರವರಿಯ ಹಿಮಗಾಳಿ ನೇರವಾಗಿ ನುಗ್ಗುವ ಜಾಗ.

ಒದೀಲ್ ಸಾನ್ಸೂಸಿ ಅದನ್ನು ನೋಡಿದಳು. ಆ ಜಾಗ ಅವಳಿಗೆ ಹೊಸದಲ್ಲ. ಫೆರ್ನಾಂದಳ ಮದುವೆ ನಡೆದದ್ದೂ ಇದೇ ಸಭಾಂಗಣದಲ್ಲಿ. ಮದುವೆಯ ಉಡುಪು ಹೊಲಿದವಳು ಒದೀಲಳ ತಾಯಿ. ಅವಳನ್ನು ಇದೇ ಬಾಗಿಲ ಬಳಿ ಕೂರಿಸಿ, ಚಿಂತೆಯಿಲ್ಲದವರೆಂದು ಹೆಸರಿಟ್ಟುಕೊಂಡವರಿಗೆ ಅಪ್ಪನೂ ಇಲ್ಲ ಅಜ್ಜನೂ ಇಲ್ಲ ಎಂದು ಮದುಮಗಳು ನಕ್ಕಿದ್ದಳು. ತಾಯಿ ಸಾಯುವವರೆಗೂ ಆ ಊಟದ ಮಾತೆತ್ತಲಿಲ್ಲ. ಮಗಳ ಎದೆಯಲ್ಲಿ ಮಾತ್ರ ಅದು ಬೂದಿ ಮುಚ್ಚಿದ ಕೆಂಡವಾಗಿ ಉಳಿಯಿತು.

ಸಾನ್ಸೂಸಿ ಎಂದರೆ ಚಿಂತೆಯಿಲ್ಲದವನು. ಹಿಂದೆ ದಂಡಿನಲ್ಲಿ ಸಿಪಾಯಿಗೆ ಇಡುತ್ತಿದ್ದ ಅಡ್ಡಹೆಸರು. ಆ ಕಾಲದಲ್ಲಿ ಒಂದೇ ಮನೆಗೆ ಎರಡು ಹೆಸರಿರುವುದು, ಅಣ್ಣನೊಂದು ತಮ್ಮನೊಂದು ಹಿಡಿದು ಹೋಗುವುದು ನದಿಯ ಈ ದಡದಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಆದರೆ ಆ ಗಲಿಬಿಲಿ ಇರುವುದು ಕಂಡವರ ಮನೆಯಲ್ಲಿ, ತನ್ನದರಲ್ಲಲ್ಲ ಎಂಬುದು ಫೆರ್ನಾಂದಳ ನಂಬಿಕೆ. ಹಾಗಾಗಿ ವಾಲಿಕೆತ್ ಎಂಬ ತವರಿನ ಒಂದೇ ಹೆಸರು ಹಿಡಿದು ಹಿಂದೆ ಹಿಂದೆ ಹೋಗಿ, ಅಗುಸ್ತಾಂ ಎಂಬವನ ಹತ್ತಿರ ಗೋಡೆಗೆ ಹಣೆ ಬಡಿದುಕೊಂಡು ನಿಂತಿದ್ದಳು. ಅವನ ಅಪ್ಪ ಯಾರೆಂದು ಎಲ್ಲಿಯೂ ಸಿಗಲಿಲ್ಲ.

ಅಪ್ಪ ಸಿಗದಿದ್ದರೆ ಮೂಲಪುರುಷನಿಲ್ಲ, ಮೂಲಪುರುಷನಿಲ್ಲದಿದ್ದರೆ ಮೇಜಿಲ್ಲ. ಊಟ ಹತ್ತಿರ ಬಂದಂತೆ ಅವಳ ಜಂಭ ಇಳಿಯಿತು. ಊರಿನ ಅರ್ಧ ಮನೆಗಳ ವಂಶ ಹುಡುಕಿಕೊಟ್ಟಿದ್ದ ಒದೀಲಳ ಮನೆಗೆ ತಾನೇ ಬಂದಳು. ಒದೀಲ್ ಚಹಾ ಕೊಟ್ಟಳು, ಮೇಪಲ್ ಮರದ ಪಾಕ ಸುರಿದ ದೋಸೆ ಕೊಟ್ಟಳು, ಅಗುಸ್ತಾಂನ ಅಪ್ಪ ತನಗೆ ಆಗಲೇ ಸಿಕ್ಕಿದ್ದಾನೆಂದೂ ಹೇಳಿದಳು.

"ಯಾರು?" ಎಂದಳು ಫೆರ್ನಾಂದ್.

"ಊಟದ ದಿನ ಎಲ್ಲರ ಮುಂದೆ ನಾನೇ ಓದ್ತೀನಿ, ಮದಾಂ. ಇಂಥದ್ದನ್ನ ಹೀಗೆ ಅಡುಗೆಮನೇಲಿ ಕೂತು ಹೇಳಿದ್ರೆ ನಿಮ್ಮ ಮನೆತನಕ್ಕೆ ಶೋಭೆಯಲ್ಲ."

ಫೆರ್ನಾಂದ್ ಹಿಗ್ಗಿಹೋದಳು.

ಊಟದ ದಿನ ಒದೀಲ್ ಎದ್ದು ನಿಂತು ಮಗನಿಂದ ಅಪ್ಪನಿಗೆ, ಅಪ್ಪನಿಂದ ಅಜ್ಜನಿಗೆ ಏರುತ್ತ ಹೋದಳು. ಒಂದೊಂದು ಹೆಸರಿಗೂ ಫೆರ್ನಾಂದ್ ತಲೆ ತೂಗಿದಳು. ಅಗುಸ್ತಾಂನ ಹೆಸರು ಬಂದಾಗ ಒದೀಲ್ ಒಂದು ಗುಟುಕು ನೀರು ಕುಡಿದಳು.

"ಇವನಪ್ಪ ನದೀಲಿ ಮುಳುಗಿ ಸತ್ತ. ತಾಯಿ ಗಿರಣಿಯ ವಾಲಿಕೆತ್‌ನ ಮದುವೆಯಾದ್ಳು. ಅವನಿಗೆ ಸ್ವಂತ ಮಕ್ಕಳಿರಲಿಲ್ಲ, ಈ ಹುಡುಗನಿಗೇ ಮಲತಂದೆ ಹೆಸರು ಅಂಟಿಕೊಳ್ತು. ಇವನ ಮದುವೆ ಮಾಡಿಸಿದ ಪಾದ್ರಿ ಇಗರ್ಜಿ ದಫ್ತರದಲ್ಲಿ ಎರಡು ಹೆಸರೂ ಬರೆದಿಟ್ಟಿದ್ದಾರೆ. ಹೆತ್ತಪ್ಪನ ಹೆಸರು ಸಾನ್ಸೂಸಿ."

ಹಿಂದಿನ ಮೇಜಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಫೆರ್ನಾಂದ್ ಪಾದ್ರಿಗಳತ್ತ ನೋಡಿದಳು. ಒದೀಲ್ ಆ ದಫ್ತರವನ್ನು ಆಗಲೇ ಅವರಿಗೆ ತೋರಿಸಿದ್ದಳು. ಅವರು ಹೌದೆಂದು ತಲೆಯಾಡಿಸಿ ತಟ್ಟೆ ನೋಡುತ್ತ ಕುಳಿತರು.

"ಕಟ್ಟಳೆ ನಿಂದೇ," ಎಂದಳು ಒದೀಲ್. ಅಷ್ಟು ವರ್ಷದಲ್ಲಿ ಅವಳು ಫೆರ್ನಾಂದಳನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. "ಬಾ ದಾಯಾದಿ. ಜಾಗ ಇಟ್ಟಿದೀನಿ."

ವಾಲಿಕೆತ್ ಮನೆಯವರು ಒಬ್ಬೊಬ್ಬರಾಗಿ ತಟ್ಟೆ ಹಿಡಿದು ಎದ್ದರು. ಮಕ್ಕಳಿಗೆ ಅದೊಂದು ಆಟ. ಎಲ್ಲರ ಕೊನೆಗೆ ಬಂದ ಫೆರ್ನಾಂದಳಿಗೆ ಉಳಿದಿದ್ದು ಬಾಗಿಲಿಗೆ ತಾಗಿದ ಕುರ್ಚಿಯೊಂದೇ. ಒದೀಲ್ ತಾನೇ ನಿಂತು ಹಂದಿಮಾಂಸ ತುಂಬಿದ ತೂರ್ತಿಯೇರ್ ಕಡುಬಿನ ತುಂಡು ಬಡಿಸಿದಳು, ಜಿಪುಣತನವಿಲ್ಲದೆ, ದೊಡ್ಡದಾಗಿಯೇ.

ಅಡುಗೆಯವರು ಓಡಾಡಿದಾಗಲೆಲ್ಲ ಬಾಗಿಲು ತೆರೆದು ಹಿಮದ ಗಾಳಿ ಒಳಗೆ ಬರುತ್ತಿತ್ತು.

"ಇಲ್ಲಿ ಚಳಿ ಕಣೇ," ಎಂದಳು ಫೆರ್ನಾಂದ್, ಮೆಲ್ಲಗೆ.

"ಗೊತ್ತು. ನಮ್ಮಮ್ಮ ಕೋಟು ಬಿಚ್ಚದೇ ಉಂಡಿದ್ಳು."

ಫೆರ್ನಾಂದ್ ಹೆಗಲ ಮೇಲೆ ಕೋಟು ಎಳೆದುಕೊಂಡು, ತಲೆ ತಗ್ಗಿಸಿ ಉಂಡಳು. ಅವಳ ತಟ್ಟೆ ಪೂರ್ತಿ ಖಾಲಿಯಾಗುವವರೆಗೆ ಒದೀಲ್ ಕಾದಳು. ಆಮೇಲೆ ಎದ್ದು ಹೋಗಿ ಬಾಗಿಲು ಹಾಕಿದಳು.