ಗಾಡಿ ಹೋಗುವ ತನಕ

ಲಕ್ಷ್ಮವ್ವ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಬಾಗಿಲ ಚಿಲಕ ಹಾಕಿದಳು. ಗಂಡ ಪರಮಣ್ಣ ಬೆಳಗಿನ ಜಾವ ನಿದ್ದೆಯಲ್ಲೇ ಉಸಿರು ಬಿಟ್ಟಿದ್ದ. ಅವಳ ಒಂದು ಕೂಗು ಹೊರಗೆ ಬಿದ್ದರೆ ಸಾಕು, ಕೊರ್ತಾಲಿಮ್ಮಿಗೆ ದುಡಿಯಲು ಬಂದವರ ಆ ಖೋಲಿಗಳ ಸಾಲೆಲ್ಲ ಎದ್ದು ಬರುತ್ತಿತ್ತು. ಮಣ್ಣು ಮುಗಿಯುವ ತನಕ ಒಬ್ಬರೂ ಕೆಲಸಕ್ಕೆ ಹೋಗುತ್ತಿರಲಿಲ್ಲ. ಅದು ಅವಳಿಗೆ ಬೇಡವಾಗಿತ್ತು. ಮಹಾ ಹಟಮಾರಿ ಹೆಂಗಸು.

ಪಕ್ಕದ ಖೋಲಿಯ ಜಮುನಾಬಾಯಿ ಮಾತ್ರ ಒಳಗಿದ್ದಳು. ಹೆಣದ ತಲೆದೆಸೆಗೆ ದೀಪ ಹಚ್ಚಿಟ್ಟು ಗದರಿದಳು.

"ಅಳು ಬೇ ಯಕ್ಕಾ. ಎದಿ ಒಡದೀತು."

"ಕೆಲಸದ ಗಾಡಿ ಹೋಗಲಿ. ಆಮ್ಯಾಲೆ ಅಳತೇನಿ."

"ಗಂಡ ಸತ್ತರೂ ಟೈಮ್ ನೋಡಿ ಅಳಾಕಿ ನೀ ಒಬ್ಬಾಕಿನ ನೋಡು."

"ಈ ಮಂದೀದು ಒಂದ್ ದಿನದ ದುಡಿಮಿ ತಿಂದೇನಿ, ಜಮುನಾ. ಇನ್ನೊಂದು ತಿನ್ನಂಗಿಲ್ಲ."

ಜಮುನಾಬಾಯಿ ದೀಪದ ಬತ್ತಿ ಮೇಲೆತ್ತಿದಳು. ಆ ದಿನ ಯಾವುದೆಂದು ಅವಳಿಗೂ ಗೊತ್ತಿತ್ತು.

*

ಕಡಲದಂಡೆಯ ಬಾಯ್ನಾದಲ್ಲಿದ್ದ ಮನೆಯನ್ನು ಸರಕಾರ ಕೆಡವಿದ ಮೇಲೆ ಇಲ್ಲಿಗೆ ಬಂದು ಸೇರಿದ ಎರಡನೇ ವರ್ಷ, ಸೆಂಟ್ರಿಂಗ್ ಕೆಲಸದಲ್ಲಿದ್ದಾಗ ಪರಮಣ್ಣನಿಗೆ ಲಕ್ವಾ ಹೊಡೆಯಿತು. ಎಣ್ಣೆ ತಿಕ್ಕಿಸೋಣ ಎಂದವರನ್ನು ಬೈದು, ಜೊತೆಗಾರ ದೇವಲಪ್ಪ ಅವನನ್ನು ಆಸ್ಪತ್ರೆಗೆ ಹೊತ್ತೊಯ್ದ. ಹೊತ್ತಿಗೆ ಸರಿಯಾಗಿ ಸೂಜಿ ಬಿತ್ತು, ಜೀವ ಉಳಿಯಿತು. ಆಮೇಲೆ ಶುರುವಾಯಿತು ಖರ್ಚು. ತಲೆಯ ಸ್ಕ್ಯಾನು, ಐಸಿಯು, ಹೊತ್ತು ಹೊತ್ತಿಗೆ ಔಷಧದ ಚೀಟಿ. ಲಕ್ಷ್ಮವ್ವನ ಕೊರಳಿನ ಬಂಗಾರದ ಬೋರಮಾಳ ನೋಡನೋಡುತ್ತಲೇ ಕರಗಿ ಹೋಯಿತು. ಬಿಲ್ಲು ಮಾತ್ರ ಬೆಳೆಯುತ್ತಲೇ ಇತ್ತು.

ಕೂಲಿಯವರು ಕೆಲಸಕ್ಕೆ ಕಾದು ನಿಲ್ಲುವ ನಾಕಾದಲ್ಲಿ ದೇವಲಪ್ಪ ಸಂಜೆ ಟಾವೆಲ್ ಹಾಸಿದ. ಗೌಂಡಿಗಳು, ಕಲ್ಲು ಹೊರುವ ಹೆಂಗಸರು, ಎಲ್ಲರೂ ಅಂದಿನ ಪಗಾರವನ್ನು ಅದರೊಳಗೆ ಹಾಕಿ ಮನೆಗೆ ಹೋದರು. ಯಾರ್ಯಾರು ಕೊಟ್ಟರೆಂದು ಲಕ್ಷ್ಮವ್ವ ಕೇಳಿದಾಗ ದೇವಲಪ್ಪನಿಗೆ ಸಿಟ್ಟೇ ಬಂದಿತ್ತು.

"ಹೆಸರು ಕೇಳಬ್ಯಾಡ್ರಿ ವೈನಿ. ಮೊದಲು ಅಣ್ಣನ್ನ ಮನಿಗೆ ಕರಕೊಂಡು ಬರ್ರಿ."

ಪರಮಣ್ಣ ಮನೆಗೆ ಬಂದ. ಬಲಗೈ ಬಿದ್ದೇ ಹೋಗಿತ್ತು, ಮಾತು ತೊದಲುತ್ತಿತ್ತು. ಆದರೂ ಮಗಳ ಮದುವೆಯಲ್ಲಿ ಎಡಗೈಯಿಂದ ಅಕ್ಷತೆ ಹಾಕಿದ, ಮೊಮ್ಮಗಳನ್ನು ತೊಡೆಯ ಮೇಲೆ ಆಡಿಸಿದ. ಆ ವರ್ಷಗಳಷ್ಟನ್ನೂ ನಾಕಾದ ಮಂದಿಯೇ ಕೊಟ್ಟದ್ದೆಂದು ಲಕ್ಷ್ಮವ್ವ ನಂಬಿದ್ದಳು. ದಿನಾ ದೀಪ ಹಚ್ಚುವಾಗ ದೇವರ ಜೊತೆಗೆ ಅವರಿಗೂ ಒಂದು ಸಲ ಕೈ ಮುಗಿಯುತ್ತಿದ್ದಳು.

*

ಗಾಡಿಯ ಹಾರ್ನ್ ಕೇಳಿತು. ಲಕ್ಷ್ಮವ್ವ ಬಾಗಿಲಿಗೆ ಕಿವಿಯಿಟ್ಟಳು. ನಾಕಾದ ಮಂದಿಯನ್ನು ಹತ್ತಿಸಿಕೊಂಡು ಅದಿನ್ನು ಸೇತುವೆ ದಾಟಿ ಕೆಲಸಕ್ಕೆ ಹೋಗಬೇಕು. ಸದ್ದು ದೂರವಾಗಲಿಲ್ಲ. ಹತ್ತಿರ ಬಂದು ಬಾಗಿಲ ಮುಂದೆಯೇ ನಿಂತಿತು.

"ಚಿಲಕ ತಗೀರಿ ವೈನಿ," ದೇವಲಪ್ಪನ ದನಿ.

ಅವಳು ಚಿಲಕ ತೆಗೆದಳು, ಹೆಣದ ತಲೆದೆಸೆಯ ದೀಪ ಅವನ ಕಣ್ಣಿಗೆ ಬಿತ್ತು. "ನಿಮಗ ಯಾರು ಹೇಳಿದ್ರು?"

"ಯಾರು ಹೇಳಬೇಕ್ರಿ? ಅಣ್ಣ ದಿನಾ ನಾಕಾದ ಕಟ್ಟಿ ಮ್ಯಾಲೆ ಕುಂತು, ಎಡಗೈ ಎತ್ತಿ ನಮ್ಮನ್ನ ಕಳಸತಿದ್ದಾಂವ. ಇವತ್ತು ಕಟ್ಟಿ ಖಾಲಿ ಐತಿ. ಗಾಡಿ ಈ ಕಡೆ ತಿರಗಸು ಅಂದ್ವಿ."

ಬಾಯಿ ಮುಚ್ಚಿಕೊಳ್ಳುವ ಆತುರದಲ್ಲಿ ಅವಳಿಗೆ ಕಟ್ಟೆಯ ನೆನಪೇ ಆಗಿರಲಿಲ್ಲ.

"ನಿಮ್ಮ ಇವತ್ತಿನ ಪಗಾರ, ತಮ್ಮಾ..."

"ನಮ್ಮನ್ನ ಬಿಟ್ಟು ಅಣ್ಣಗ ಮಣ್ಣು ಕೊಡಾಕ ಹೊಂಟಿದ್ರೇನು?" ಅವನ ಕಣ್ಣು ತುಂಬಿತ್ತು.

ಅವನ ಹಿಂದೆ ಜನ ಒಬ್ಬೊಬ್ಬರೇ ಗಾಡಿಯಿಂದ ಇಳಿಯುತ್ತಿದ್ದರು. ಯಾರದೋ ಮನೆಯ ಪಾಯ ತೋಡಲು ತಂದಿದ್ದ ಗುದ್ದಲಿ, ಸಲಿಕೆ, ಬುಟ್ಟಿಗಳನ್ನು ಹೊತ್ತುಕೊಂಡು ಗುಡ್ಡದ ಮಗ್ಗುಲಿನ ಸ್ಮಶಾನದ ಕಡೆ ನಡೆದರು.

ಲಕ್ಷ್ಮವ್ವ ಹೊಸ್ತಿಲ ಮೇಲೆ ಕುಸಿದು ದನಿ ಬಿಟ್ಟು ಅತ್ತಳು. ಸಾಲಿನ ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು.